ಕೊಟ್ರೇಶನ ಐವರು ಶಿಷ್ಯರು

ಚಿಕ್ಕಜಾಜೂರಿನ ಕೊಟ್ರೇಶ ಪರದೇಶದಲ್ಲಿ ಧರ್ಮಪ್ರಚಾರ ಮಾಡಿದ್ದು ಒಟ್ಟು ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳಲ್ಲಿ ಅವನು ಧರ್ಮದ ದಾರಿಗೆ ತಂದವರ ಸಂಖ್ಯೆ ಸೊನ್ನೆ. ಆದರೆ ಈ ಮಾತನ್ನು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಹೊಳಲ್ಕೆರೆಯಲ್ಲಿ ಕೇಳಿದರೆ ಐದು ಜನ ಅನ್ನುತ್ತಾರೆ. ಹೊಸದುರ್ಗದಲ್ಲಿ ಐವತ್ತು. ಹಿರಿಯೂರು ಬಸ್‌ಸ್ಟ್ಯಾಂಡಿನ ಕಬ್ಬಿನಹಾಲಿನವನನ್ನು ಕೇಳಿದರೆ, “ಅಲ್ಲಿ ಪೊಲೀಸ್ ಇಲಾಖೆಗೆ ಇಲಾಖೆನೇ ಲಿಂಗ ಕಟ್ಕಂಡೈತಂತೆ” ಎಂದು ಗ್ಲಾಸು ಮುಂದಿಡುತ್ತಾನೆ. ಊರು ದೂರವಾದಷ್ಟೂ ಶಿಷ್ಯರು ಹೆಚ್ಚು. ಚಿತ್ರದುರ್ಗ ಜಿಲ್ಲೆ ದಾಟಿ ವಿಚಾರಿಸುವ ಧೈರ್ಯ ಕೊಟ್ರೇಶನಿಗೇ ಆಗಿಲ್ಲ.

ಕೊಟ್ರೇಶ ಹೊಳಲ್ಕೆರೆ ಕಡೆಯ ಒಂದು ಮಠದ ಹಾಸ್ಟೆಲ್ಲಿನಲ್ಲಿ ಓದಿದವನು. ಓದಿದವನು ಅಂದರೆ, ಹತ್ತನೇ ಕ್ಲಾಸಿನ ಗಣಿತಕ್ಕೆ ಮೂರು ಸಲ ಕೂತು ಮೂರು ಸಲ ಎದ್ದವನು. ಆಮೇಲೆ ಪುಸ್ತಕ ಕಟ್ಟಿಟ್ಟು ಮಠದಲ್ಲೇ ಉಳಿದ. ಬೆಳಗಿನ ಪ್ರಾರ್ಥನೆ ಹೇಳುವುದು, ಗದ್ದುಗೆಗೆ ಧೂಪ ಹಾಕುವುದು, ಪಂಕ್ತಿಯಲ್ಲಿ ಸಾರು ಬಡಿಸುವುದು ಅವನ ಕೆಲಸ. ಗಂಟಲು ಗಟ್ಟಿ. ಮೈಕು ಕೆಟ್ಟ ದಿನವೂ ಅವನ ಪ್ರಾರ್ಥನೆ ಸಂತೆ ಮೈದಾನದ ತನಕ ಕೇಳುತ್ತಿತ್ತು.

ಹೀಗಿರುವಾಗ ಸ್ಕಾಟ್ಲೆಂಡಿನಲ್ಲಿದ್ದ ಮಠದ ಭಕ್ತರೊಬ್ಬರು, ಡಾಕ್ಟರು, ಒಂದು ಪತ್ರ ಬರೆದರು. ಇಲ್ಲೊಂದು ಪ್ರಾರ್ಥನಾ ಕೋಣೆ ಮಾಡಿದ್ದೇನೆ, ಪೂಜೆ ಪ್ರಾರ್ಥನೆ ಕಲಿಸಲು ಒಬ್ಬ ಯುವಕನನ್ನು ಕಳಿಸಿ ಎಂದು. ಮಠದಲ್ಲಿ ಇಬ್ಬರು ಎಂ.ಎ.ಗಳಿದ್ದರು, ಒಬ್ಬ ಪಂಡಿತರಿದ್ದರು. ಯಾರ ಹತ್ತಿರವೂ ಪಾಸ್‌ಪೋರ್ಟ್ ಇರಲಿಲ್ಲ. ಕೊಟ್ರೇಶನ ಹತ್ತಿರ ಇತ್ತು. ದುಬೈನಲ್ಲಿ ಡ್ರೈವರ್ ಕೆಲಸ ಕೊಡಿಸುತ್ತೇನೆಂದ ಏಜೆಂಟನೊಬ್ಬ ಹಿಂದೆ ಅದನ್ನು ಮಾಡಿಸಿ, ಅವನ ಕೈಗಿಟ್ಟು, ತಾನು ಮಾಯವಾಗಿದ್ದ. ಧರ್ಮಪ್ರಚಾರಕನಿಗೆ ಬೇಕಾದ ಮೊದಲ ಅರ್ಹತೆ ಪಾಸ್‌ಪೋರ್ಟ್ ಎಂದು ಅವತ್ತೇ ತೀರ್ಮಾನವಾಯಿತು. ಮಠದ ಕಾರ್ಯದರ್ಶಿ ಗಂಗಾಧರಪ್ಪನವರು ಅವನ ಹೆಗಲ ಮೇಲೆ ಶಾಲು ಹೊದಿಸಿ, “ಧರ್ಮದ ಬಾವುಟ ನಿನ್ನ ಕೈಯಾಗೈತೆ ಕಣಪ್ಪ” ಎಂದರು. ಕೊಟ್ರೇಶ ಕೈ ನೋಡಿಕೊಂಡ. ಕೈಯಲ್ಲಿ ಸಾರಿನ ಸೌಟಿತ್ತು.

ಅವನ ತಾಯಿ ಕೊಟ್ರಮ್ಮ ಗಂಡ ತೀರಿಕೊಂಡ ಮೇಲೆ ರೈಲ್ವೆ ಸಿಬ್ಬಂದಿಗೆ ರೊಟ್ಟಿ ಬಡಿದು ಮಾರುವ ಹೆಂಗಸು. ಮಗನ ಬ್ಯಾಗಿಗೆ ಮಂಡಕ್ಕಿ, ಚಟ್ನಿಪುಡಿ, ವಿಭೂತಿ ಗಟ್ಟಿ ತುಂಬಿ, ಕೊನೆಗೆ ಒಂದು ಕಟ್ಟು ತೆಂಗಿನ ನಾರನ್ನೂ ತುರುಕಿದಳು.

“ಇದ್ಯಾಕವ್ವ?”

“ಧೂಪಕ್ಕೆ ಕೆಂಡ ಬ್ಯಾಡೇನಲೇ? ಅಲ್ಲಿ ತೆಂಗಿನಮರ ಇರ್ತಾವೋ ಇಲ್ಲೋ!”

ಇರಲಿಲ್ಲ. ತೆಂಗಿನಮರ ಹಾಗಿರಲಿ, ಮನುಷ್ಯರೂ ಇರಲಿಲ್ಲ. ಪ್ರಾರ್ಥನಾ ಕೋಣೆ ಅಂದರೆ ಮುಚ್ಚಿಹೋದ ಚಪ್ಪಲಿ ಅಂಗಡಿಯ ಮೇಲಿನ ಒಂದು ರೂಮು. ಡಾಕ್ಟರು ಮೊದಲ ಭಾನುವಾರ ಹೆಂಡತಿ ಸಮೇತ ಬಂದರು. ಎರಡನೇ ಭಾನುವಾರ ಒಬ್ಬರೇ ಬಂದರು. ಮೂರನೇ ಭಾನುವಾರ ಬಂದು, ಬೇರೆ ಊರಿನ ಆಸ್ಪತ್ರೆಗೆ ವರ್ಗವಾಗಿದೆ, ಆರು ಗಂಟೆ ದಾರಿ, ನೀನು ನಡೆಸಿಕೊಂಡು ಹೋಗು ಎಂದು ಬೀಗದಕೈ ಕೊಟ್ಟು ಹೋದರು. ತಿಂಗಳಿಗೊಮ್ಮೆ ಖರ್ಚಿಗೆ ಕಳಿಸುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಮನುಷ್ಯ ಅಲ್ಲಿರಲಿಲ್ಲ, ಅಷ್ಟೇ.

ಕೊಟ್ರೇಶ ನಡೆಸಿಕೊಂಡು ಹೋದ. ನಾಲ್ಕಕ್ಕೆ ಎದ್ದು ಸ್ನಾನ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ, ಗಟ್ಟಿ ಗಂಟಲಲ್ಲಿ ಪ್ರಾರ್ಥನೆ. ಮೂರನೇ ದಿನ ಪಕ್ಕದ ಮನೆಯ ಮುದುಕಿ ಗೋಡೆಗೆ ಕೋಲಿನಿಂದ ಕುಟ್ಟಿದಳು. ಯಾರೋ ತಾಳ ಹಾಕುತ್ತಿದ್ದಾರೆಂದು ಕೊಟ್ರೇಶ ಇನ್ನೂ ಗಟ್ಟಿಯಾಗಿ ಹೇಳಿದ. ನಾಲ್ಕನೇ ದಿನ ಬಾಗಿಲಿಗೆ ಒಂದು ಚೀಟಿ ಬಂತು. ಐದನೇ ದಿನದಿಂದ ಚಿಕ್ಕಜಾಜೂರಿನ ಆ ಗಂಟಲು ಪಿಸುಗುಟ್ಟತೊಡಗಿತು.

ಮಧ್ಯಾಹ್ನ ಅವನು ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂರುತ್ತಿದ್ದ. ಜಂಕ್ಷನ್ನಿನಲ್ಲಿ ಹುಟ್ಟಿ ಬೆಳೆದವನಿಗೆ ರೈಲು ಕಂಡರೆ ನೆಂಟರು ಕಂಡಂತೆ. ನಮ್ಮಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಹತ್ತು ನಿಮಿಷ ಕೂತರೆ ಪಕ್ಕದವನು ಯಾವೂರು, ಯಾರ ಪೈಕಿ, ಮದುವೆ ಆಗೈತಾ, ಯಾಕಾಗಿಲ್ಲ, ಅಷ್ಟನ್ನೂ ಕೇಳಿ, ತನ್ನ ಮೂಲವ್ಯಾಧಿಯ ಕಥೆ ಹೇಳಿ, ಬೀಡಿಗೆ ಬೆಂಕಿ ಕೇಳುತ್ತಾನೆ. ಅಲ್ಲಿ ಐದು ತಿಂಗಳು ಕೂತರೂ ಯಾರೂ ಯಾವೂರು ಅನ್ನಲಿಲ್ಲ. ಬೆಂಚಿನ ಆ ತುದಿಯಲ್ಲಿ ಒಬ್ಬ, ಈ ತುದಿಯಲ್ಲಿ ಇವನು. ನಡುವೆ ಎರಡು ಎಮ್ಮೆ ಮಲಗುವಷ್ಟು ಜಾಗ. ಊಟ ಆಯ್ತಾ ಎಂದು ಒಂದು ನಾಯಿಯೂ ಕೇಳಲಿಲ್ಲ. ಆ ಊರಲ್ಲಿ ನಾಯಿಗಳಿಗೆ ಅವುಗಳದೇ ಬಿಸ್ಕತ್ತಿತ್ತು, ಕೇಳುವ ಅಗತ್ಯ ಅವಕ್ಕೂ ಇರಲಿಲ್ಲ.

ಅಷ್ಟರಲ್ಲಿ ಶ್ರಾವಣ ಸೋಮವಾರ ಬಂತು.

ಅವತ್ತು ಕೊಟ್ರೇಶ, ಯಾರು ಬರಲಿ ಬಿಡಲಿ, ಹಬ್ಬ ಹಬ್ಬವೇ ಎಂದು ಹಠ ಹಿಡಿದ. ಅವ್ವ ಕೊಟ್ಟ ತೆಂಗಿನ ನಾರು ಬಿಚ್ಚಿ, ಹಳೆಯ ಬಾಣಲೆಯಲ್ಲಿ ಕೆಂಡ ಮಾಡಿ, ಮೇಲೆ ಒಂದು ಹಿಡಿ ಲೋಬಾನ ಸುರಿದ. ಮಠದಲ್ಲಿ ಇನ್ನೂರು ಜನಕ್ಕೆ ಹಾಕುವ ಅಳತೆ ಅದು. ಹನ್ನೆರಡು ಅಡಿಯ ರೂಮಿಗೂ ಅದೇ ಅಳತೆ. ಹೊಗೆ ಎದ್ದಿತು ನೋಡಿ, ಕೊಟ್ರೇಶನಿಗೆ ಕೊಟ್ರೇಶನೇ ಕಾಣದಂತಾಯಿತು. ಮರುಕ್ಷಣ ಸೂರಿನಲ್ಲಿದ್ದ ದುಂಡನೆಯ ಬಿಳಿ ಡಬ್ಬಿಯೊಂದು ಹಂದಿ ಹಿಡಿದಂತೆ ಕಿರುಚತೊಡಗಿತು. ಅಲ್ಲಿ ಹೊಗೆ ಬಂದರೆ ಕಿರುಚಲಿಕ್ಕೆಂದೇ ಮನೆಮನೆಯಲ್ಲೂ ಅಂಥ ಡಬ್ಬಿ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಪೂಜೆಯ ಹೊತ್ತಿಗೆ ತಾನೇ ತಾನಾಗಿ ನಾದ ಹೊರಟಿದೆ, ಶಿವ ಇಷ್ಟು ದೂರಕ್ಕೂ ಬಂದನೆಂದು ಅವನಿಗೆ ಮೈ ಜುಮ್ಮೆಂದಿತು.

ಎಂಟು ನಿಮಿಷಕ್ಕೆ ಬಂದದ್ದು ಶಿವನಲ್ಲ, ಬೆಂಕಿ ಆರಿಸುವ ಗಾಡಿ. ತಲೆಗೆ ಹೆಲ್ಮೆಟ್ಟು, ಕಾಲಿಗೆ ಮೊಣಕಾಲುದ್ದ ಬೂಟು ಹಾಕಿದ ಐದು ಜನ ಆಳುಗಳು ಧಡಧಡ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಡಾಕ್ಟರು ಹೋದ ಮೇಲೆ ಮೊದಲ ಸಲ ಕೊಟ್ರೇಶನ ಹೊಸಿಲಿಗೆ ಜನ ಬಂದಿದ್ದರು. ಅವನ ಕಣ್ಣಲ್ಲಿ ನೀರು ಬಂತು. ಹೊಗೆಗೂ ಇರಬಹುದು.

“ಬರ್ರಿ, ಬರ್ರಿ! ಕುಂತ್ಕಳ್ರಿ!” ಎಂದು ಅಚ್ಚ ಕನ್ನಡದಲ್ಲಿ ಕರೆದು ಚಾಪೆ ಹಾಸಿದ.

ಅವರು ಕಿಟಕಿ ತೆಗೆದರು. ಬಾಣಲೆ ಎತ್ತಿ ಸಿಂಕಿಗಿಟ್ಟರು. ಎತ್ತಿದವನು ಬೂದಿಯ ಕೈಯಲ್ಲೇ ಹಣೆ ಒರೆಸಿಕೊಂಡಾಗ ಹಣೆಯ ಮೇಲೆ ಮೂರು ಬೆರಳಿನ ಗೆರೆ ಮೂಡಿತು. ಅವನೇ ಕಿರುಚುವ ಡಬ್ಬಿಯನ್ನು ಸೂರಿನಿಂದ ಬಿಚ್ಚಿ, ಎಡ ಅಂಗೈ ಮೇಲಿಟ್ಟುಕೊಂಡು, ಎದೆಯ ಮಟ್ಟಕ್ಕೆ ಹಿಡಿದು, ಅದರ ಬಾಯಿ ಮುಚ್ಚಿಸುವ ಗುಂಡಿ ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ದಿಟ್ಟಿಸಿದ. ಉಳಿದ ನಾಲ್ವರು ಸುತ್ತ ನಿಂತು ತಲೆ ಬಗ್ಗಿಸಿ ಅದನ್ನೇ ನೋಡಿದರು. ಕೊಟ್ರೇಶ ಮೊಬೈಲು ತೆಗೆದು ಒಂದು ಫೋಟೋ ಹೊಡೆದ. ಎಲ್ಲರಿಗೂ ಚಹಾ ಮಾಡಿ, ಅವ್ವನ ಮಂಡಕ್ಕಿ ಕೊಟ್ಟು ಕಳಿಸಿದ. ಆಮೇಲೆ ಆ ಫೋಟೋವನ್ನು ಊರಿಗೆ ಕಳಿಸಿ ಕೆಳಗೆ ಒಂದೇ ಸಾಲು ಬರೆದ: “ಅವ್ವ, ಇವತ್ತು ಮನೆಗೆ ಐದು ಜನ ಬಂದಿದ್ರು.”

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಮ್ಮ ಜನಕ್ಕೆ ಅಷ್ಟು ಸಾಕಾಯಿತು.

ಕೊಟ್ರಮ್ಮನ ಫೋನು ಗುಂಡಿಯದು, ಫೋಟೋ ಬರುತ್ತಿರಲಿಲ್ಲ. ಅದು ಬಂದದ್ದು ಪಕ್ಕದ ಮನೆಯ ಪ್ರಭುವಿನ ಫೋನಿಗೆ. ಪ್ರಭು, ಕೊಟ್ರೇಶನ ಜತೆ ಮರಕೋತಿ ಆಡಿದವನು, ತೋರಿಸಲು ಓಡಿಬರುವಷ್ಟರಲ್ಲಿ ಎದುರುಮನೆಯ ಹುಚ್ಚಕ್ಕ ಅದನ್ನು ಕಿತ್ತುಕೊಂಡಳು. ಹುಚ್ಚಕ್ಕ ನೋಡಿದಳು. ಎಡ ಅಂಗೈ, ಎದೆಯ ಮಟ್ಟ, ದುಂಡನೆಯ ವಸ್ತು, ರೆಪ್ಪೆ ಮಿಟುಕಿಸದ ನೋಟ, ಹಣೆಯಲ್ಲಿ ಮೂರು ಗೆರೆ. ದಿನಾ ಬೆಳಿಗ್ಗೆ ಮನೆಮನೆಯಲ್ಲೂ ಲಿಂಗಪೂಜೆಗೆ ಹೀಗೇ ಕೂರುವ ಬೀದಿ ಅದು.

“ಅಯ್ಯೋ ಶಿವನೇ! ಕೊಟ್ರಮ್ಮ, ನಿನ್ನ ಮಗ ಬಿಳಿಯರ ಕೈಯಾಗೆ ಲಿಂಗ ಕೊಟ್ಟವ್ನಲ್ಲೇ! ಅದೂ ಯೂನಿಫಾರಂನವ್ರಿಗೆ!”

ಕೊಟ್ರಮ್ಮ ಫೋನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಮೇಲಿನಿಂದ ಕೆಳಗಿನ ತನಕ ನೋಡಿದಳು. ಸೆರಗಿನಿಂದ ಫೋನು ಒರೆಸಿ ವಾಪಸು ಕೊಟ್ಟಳು.

ಸಂಜೆಗೆ ಫೋಟೋ ಮಠ ಮುಟ್ಟಿತು. ಗಂಗಾಧರಪ್ಪನವರು ಮಠದ ಮಾಸಪತ್ರಿಕೆಯ ಮುಖಪುಟಕ್ಕೇ ಹಾಕಿಸಿದರು. ‘ವಿದೇಶದ ಐವರು ಅಧಿಕಾರಿಗಳಿಗೆ ಲಿಂಗದೀಕ್ಷೆ.’ ಜಾಗ ಸಾಲದೆ ಫೋಟೋವನ್ನು ಮೊಣಕಾಲಿನಿಂದ ಕೆಳಗೆ ಕತ್ತರಿಸಲಾಗಿತ್ತು. ಜಾಗ ಯಾಕೆ ಸಾಲಲಿಲ್ಲವೋ, ಪಕ್ಕದಲ್ಲೇ ಕಾರ್ಯದರ್ಶಿಗಳ ಫೋಟೋ ಅಂಗಾಲಿನ ತನಕ ಇತ್ತು.

ಆರು ವರ್ಷದಿಂದ ತಂಗಿ ಕೊಟ್ರಮ್ಮನ ಹೊಸಿಲು ತುಳಿಯದಿದ್ದ ಅಣ್ಣ ಮುರುಗಪ್ಪ, ಹೊಸದುರ್ಗದ ಕೊಬ್ಬರಿ ವ್ಯಾಪಾರಿ, ಪತ್ರಿಕೆ ಬಂದ ಮಾರನೆಯ ದಿನವೇ ಸಿಹಿ ಪೊಟ್ಟಣ ಹಿಡಿದು ಬಂದ. “ನನ್ನ ಅಳಿಯ ಕಣಮ್ಮ ಅವ್ನು! ಚಿಕ್ಕವನಿದ್ದಾಗ್ಲೆ ನಾನಂದಿದ್ದೆ, ಇವ್ನು ಹಿಂಗೇ ಆಗ್ತಾನೆ ಅಂತ.” ಅವನು ಅಂದದ್ದು ನಿಜ. ಮೂರನೇ ಸಲ ಗಣಿತ ಹೋದಾಗ, ಇವನು ಮಠದ ಕಸ ಹೊಡೆಯೋಕೇ ಲಾಯಕ್ಕು ಅಂದಿದ್ದ.

ಸುದ್ದಿ ಕೇಳಿ ಕೊಟ್ರೇಶ ಗಾಬರಿಯಾಗಿ ಫೋನು ಮಾಡಿದ. “ಅವ್ವ, ಅದು ಹಂಗಲ್ಲ—”

“ನಂಗೊತ್ತು ಬಿಡು. ಮೊನ್ನೆ ನಾಮಕರಣದಾಗೆ ನನ್ನನ್ನ ಮುಂದಿನ ಸಾಲಿಗೆ ಕೂರ್ಸಿದ್ರು ಕಣಲೇ. ನಿಮ್ಮಪ್ಪ ಹೋದ ಮ್ಯಾಲೆ ಯಾರು ಕೂರ್ಸಿದ್ರು ಹೇಳು?” ಎಂದಳು ಕೊಟ್ರಮ್ಮ.

ಕೊಟ್ರೇಶ ಬಾಯಿಗೆ ಬಂದದ್ದನ್ನು ನುಂಗಿದ. ಅವನು ಮಾಡಿದ ತಪ್ಪು ಇದೊಂದೇ.

ಇನ್ನು ಆ ಹಣೆಗೆ ಬೂದಿ ಹಚ್ಚಿಕೊಂಡವನ ವಿಷಯ. ಅವನ ಹೆಸರು ಕ್ಯಾಲಮ್. ಮುಂದಿನ ಭಾನುವಾರ ಡಬ್ಬಿಯ ಸೆಲ್ಲು ಪರೀಕ್ಷೆ ಮಾಡಲೆಂದು ಒಬ್ಬನೇ ಬಂದ. ಅದರ ಮುಂದಿನ ಭಾನುವಾರವೂ ಸೆಲ್ಲು ಪರೀಕ್ಷೆಗೆ ಬಂದ. ಒಂದು ಡಬ್ಬಿಯ ಸೆಲ್ಲನ್ನು ಎಷ್ಟು ಸಲ ಪರೀಕ್ಷಿಸಬಹುದು? ಹೆಂಡತಿ ಬಿಟ್ಟುಹೋಗಿದ್ದಳು, ಮನೆಯಲ್ಲಿ ಟಿ.ವಿ. ಇತ್ತು, ಅಷ್ಟೇ. ಕೊಟ್ರೇಶನ ಇಂಗ್ಲಿಷ್ ಅವನಿಗೆ ಅರ್ಥವಾಗುತ್ತಿರಲಿಲ್ಲ, ಅವನ ಇಂಗ್ಲಿಷ್ ಆ ಊರಿನವರಿಗೇ ಅರ್ಥವಾಗುತ್ತಿತ್ತೋ ಇಲ್ಲವೋ. ಇಬ್ಬರೂ ಚಹಾ ಕುಡಿದು ಕಿಟಕಿಯಾಚೆಯ ಮಳೆ ನೋಡುತ್ತ ಕೂರುತ್ತಿದ್ದರು.

ಒಂದು ಭಾನುವಾರ ಧರ್ಮಪ್ರಚಾರ ಮಾಡಿಯೇಬಿಡಬೇಕೆಂದು ಕೊಟ್ರೇಶ ಕೊರಳಿನ ಬೆಳ್ಳಿ ಕರಡಿಗೆ ಎತ್ತಿ ತೋರಿಸಿದ. ಒಳಗೆ ಲಿಂಗವಿರುವ ಆ ಪುಟ್ಟ ಭರಣಿಯನ್ನು ನೋಡಿ ಕ್ಯಾಲಮ್ ಗಂಭೀರವಾಗಿ ತಲೆಯಾಡಿಸಿದ. ಅವನಿಗೆ ಗೊತ್ತಿತ್ತು. ಆ ದೇಶದಲ್ಲಿ ಒಂಟಿಯಾಗಿ ಬದುಕುವ ಮುದುಕ ಮುದುಕಿಯರು ಕೊರಳಿಗೆ ಒಂದು ಗುಂಡಿ ಕಟ್ಟಿಕೊಂಡಿರುತ್ತಾರೆ. ಬಿದ್ದರೆ, ಎದೆ ನೋವು ಬಂದರೆ ಒತ್ತುತ್ತಾರೆ, ಯಾರಾದರೂ ಬರುತ್ತಾರೆ.

“ಒತ್ತಿದರೆ ಯಾರು ಬರುತ್ತಾರೆ?” ಎಂದು ಕ್ಯಾಲಮ್ ಕೈಸನ್ನೆ ಸಮೇತ ಕೇಳಿದ.

ಕೊಟ್ರೇಶ ಯೋಚಿಸಿ, “ಶಿವ” ಎಂದ.

“ಎಷ್ಟು ಹೊತ್ತಿಗೆ?”

ಇದಕ್ಕೆ ಉತ್ತರ ಯಾರೂ ಹೇಳಿಕೊಟ್ಟಿರಲಿಲ್ಲ. ಕೊಟ್ರೇಶ ಕರಡಿಗೆಯನ್ನು ಮತ್ತೆ ಅಂಗಿಯೊಳಗೆ ಇಳಿಬಿಟ್ಟ.

“ನಾವು ಎಂಟು ನಿಮಿಷಕ್ಕೆ ಬರುತ್ತೇವೆ” ಎಂದ ಕ್ಯಾಲಮ್, ಸಮಾಧಾನ ಹೇಳುವಂತೆ.

ಧರ್ಮಪ್ರಚಾರ ಅಲ್ಲಿಗೆ ಮುಗಿಯಿತು. ಕೊಟ್ರೇಶ ಅವನಿಗೆ ಆರು ತಿಂಗಳಲ್ಲಿ ಕಲಿಸಿದ್ದು ಒಂದೇ ಒಂದು ಮಾತು, ಅದೂ ಕನ್ನಡದ್ದು. ಬಾಗಿಲು ತಟ್ಟಿ ಒಳಗೆ ಬಂದ ಕೂಡಲೇ ಅದನ್ನು ಅನ್ನಬೇಕು ಎಂದು ಹೇಳಿಕೊಟ್ಟಿದ್ದ. ಕ್ಯಾಲಮ್ ಒಂದು ಭಾನುವಾರವೂ ತಪ್ಪಿಸಲಿಲ್ಲ.

ವೀಸಾ ಮುಗಿಯುವ ಮುಂಚೆ ಮಠದಿಂದ ಕರೆ ಬಂತು. ಊರಿಗೆ ಬಾ, ಸನ್ಮಾನ ಇದೆ. ಕೊಟ್ರೇಶ ಅವತ್ತು ಮುದುಕಿಯ ಗೋಡೆಯನ್ನೂ ಲೆಕ್ಕಿಸದೆ ಗಟ್ಟಿಯಾಗಿ ಪ್ರಾರ್ಥನೆ ಹೇಳಿದ. ಇನ್ನು ಈ ಜನ್ಮದಲ್ಲಿ ಈ ರೂಮಿನ ಮುಖ ನೋಡುವುದಿಲ್ಲ, ಊರಿಗೆ ಹೋಗಿ ಸಾರು ಬಡಿಸಿಕೊಂಡು, ಪ್ರಭುವಿನ ಜತೆ ಸ್ಟೇಷನ್ ಕಟ್ಟೆಯ ಮೇಲೆ ಕೂತು ಹರಟೆ ಹೊಡೆದುಕೊಂಡು ಇರುತ್ತೇನೆ ಎಂದುಕೊಂಡ. ಅವನಿಗೆ ಬೇಕಿದ್ದದ್ದು ಇಷ್ಟೇ.

ಚಿಕ್ಕಜಾಜೂರಿನಲ್ಲಿ ರೈಲು ಇಳಿದರೆ ಪ್ಲಾಟ್‌ಫಾರ್ಮಿನ ತುಂಬ ಜನ. ಡೊಳ್ಳು, ಹಾರ, ಹದಿನೈದು ಅಡಿ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಮುರುಗಪ್ಪ ದೊಡ್ಡದಾಗಿ ಕೈಮುಗಿದು ನಿಂತಿದ್ದ, ಕೊಟ್ರೇಶ ಅವನ ಹೆಗಲ ಮೇಲೆ ಗುಬ್ಬಚ್ಚಿಯಷ್ಟಿದ್ದ. ಕೊಟ್ರೇಶ ಜನರ ನಡುವೆ ಪ್ರಭುವನ್ನು ಹುಡುಕಿ, “ಲೇ ಪ್ರಭು!” ಎಂದು ತೋಳು ಚಾಚಿದ. ಪ್ರಭು ಎರಡು ಹೆಜ್ಜೆ ಹಿಂದೆ ಸರಿದು, ಬಗ್ಗಿ, ಅವನ ಕಾಲು ಮುಟ್ಟಿದ.

“ಏನ್ಲೇ ಇದು? ಏಳಲೇ ಮ್ಯಾಲೆ!”

“ಗುರುಗಳು ಹಂಗನ್ನಬಾರ್ದು” ಎಂದ ಪ್ರಭು, ನೆಲ ನೋಡುತ್ತ.

ಕೊಟ್ರೇಶನ ಚಾಚಿದ ತೋಳು ಹಾಗೇ ಇತ್ತು. ಅದಕ್ಕೆ ಯಾರೋ ಹಾರ ಹಾಕಿದರು.

ಗಂಗಾಧರಪ್ಪನವರು ಮೈಕು ಹಿಡಿದು ಅಲ್ಲೇ ಘೋಷಿಸಿದರು. “ಸೋಮವಾರ ಹೊಳಲ್ಕೆರೆ ಸಮುದಾಯ ಭವನದಾಗೆ ಸನ್ಮಾನ! ಅವತ್ತೇ ಇವರನ್ನ ಇನ್ನೂ ಮೂರು ವರ್ಷ ಅದೇ ದೇಶಕ್ಕೆ ಕಳಿಸಿಕೊಡೋ ತೀರ್ಮಾನ ಮಾಡ್ತೀವಿ!”

ಜನ ಚಪ್ಪಾಳೆ ಹೊಡೆದರು. ಕೊಟ್ರೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೂರು ವರ್ಷ! ನೂರೈವತ್ತಕ್ಕೂ ಮೇಲೆ ಭಾನುವಾರ! ನಿಜ ಹೇಳಿದರೆ ಉಳಿಯಬಹುದು. ನಿಜ ಹೇಳಿದರೆ ಅವ್ವ ಮತ್ತೆ ಹಿಂದಿನ ಸಾಲಿಗೆ.

ಮನೆಗೆ ಬಂದರೆ ಅಲ್ಲೂ ಜನ. ಅವ್ವ ಒಳಗೆ ರೊಟ್ಟಿ ಬಡಿಯುವ ಸದ್ದು, ಹುರಿದ ಶೇಂಗಾ ಚಟ್ನಿಯ ವಾಸನೆ. ಹನ್ನೊಂದು ತಿಂಗಳು ಈ ವಾಸನೆಗಾಗಿ ಬದುಕಿದವನು ಎದ್ದು ಅಡುಗೆಮನೆಗೆ ಹೊರಟರೆ ಹುಚ್ಚಕ್ಕ ಅಡ್ಡ ಬಂದಳು. “ಅಯ್ಯೋ, ಅವ್ರು ರೊಟ್ಟಿ ಗಿಟ್ಟಿ ತಿನ್ನಂಗಿಲ್ಲ ಕಣ್ರೇ! ಅಷ್ಟು ಜನಕ್ಕೆ ದೀಕ್ಷೆ ಕೊಟ್ಟವ್ರು, ಹಾಲು ಹಣ್ಣು ಅಷ್ಟೇಯ. ಏ ಪ್ರಭು, ಬಾಳೆಹಣ್ಣು ತಾ.”

“ಹುಚ್ಚಕ್ಕ, ನಾನು ಎಲ್ಲಾ ತಿಂತೀನಿ!”

“ನೋಡ್ರೇ, ನಮ್ಮ ಮನಸ್ಸಿಗೆ ಬ್ಯಾಸರ ಆಗ್ಬಾರ್ದು ಅಂತ ಹೆಂಗಂತಾರೆ!”

ನಾಲ್ಕು ದಿನ ಕೊಟ್ರೇಶ ಬಾಳೆಹಣ್ಣು ತಿಂದ. ಬೆಳಗಿನಿಂದ ರಾತ್ರಿ ಮಲಗುವ ತನಕ ಜನ ಬರುತ್ತಿದ್ದರು, ಕಾಲು ಮುಟ್ಟುತ್ತಿದ್ದರು, ಹೋಗುತ್ತಿದ್ದರು. ತಾಲ್ಲೂಕು ಆಫೀಸಿನ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು, ಕಾಲು ಮುಟ್ಟಿ, ನಾದಿನಿಯ ಮಗನ ಬಯೋಡೇಟಾ ಕೊಟ್ಟು ಹೋದರು. ಕೊಟ್ರೇಶ ಸ್ಟೇಷನ್ ಕಟ್ಟೆಗೆ ಹೋಗಿ ಕೂತರೆ, ಅಲ್ಲಿ ಕೂತವರೆಲ್ಲ ಎದ್ದು ನಿಂತರು. ಅವನು ಕೂರಿ ಅಂದ. ಅವರು ಕೈಕಟ್ಟಿಕೊಂಡರು. ಕಟ್ಟೆಯ ಮೇಲೆ ಇವನೊಬ್ಬನೇ, ಸುತ್ತ ಎರಡು ಎಮ್ಮೆ ಮಲಗುವಷ್ಟು ಜಾಗ.

ಭಾನುವಾರ ಮುರುಗಪ್ಪನನ್ನು ಮೂಲೆಗೆ ಎಳೆದುಕೊಂಡು ಹೋಗಿ ಹೇಳಿದ. “ಮಾವ, ಅದು ಲಿಂಗ ಅಲ್ಲ. ಹೊಗೆ ಬಂದ್ರೆ ಕಿರುಚೋ ಡಬ್ಬಿ. ಅವ್ರು ಬೆಂಕಿ ಆರಿಸೋರು. ನಾನು ಒಬ್ಬರಿಗೂ ದೀಕ್ಷೆ ಕೊಟ್ಟಿಲ್ಲ.”

ಮುರುಗಪ್ಪ ಅತ್ತಿತ್ತ ನೋಡಿದ. “ಅಳಿಯ, ಫ್ಲೆಕ್ಸ್ ಎಷ್ಟು ಊರಾಗೆ ಹಾಕ್ಸಿವ್ನಿ ಗೊತ್ತಾ? ಆ ಮೂಲೆ ಊರು ಮತ್ತೋಡಿನಾಗೂ ಹಾಕ್ಸಿವ್ನಿ. ಈಗ ಹೋಗಿ ಡಬ್ಬಿ ಅಂತೀಯಾ? ಡಬ್ಬಿ ಅಂದ್ರೆ ಡಬ್ಬಿ ಮುಚ್ಕಂಡು ಕೂತ್ಕ.”

ಸೋಮವಾರ ಭವನ ಕಿಕ್ಕಿರಿದಿತ್ತು. ವೇದಿಕೆಯ ನಡುವೆ ಮಠದ ಹಿರಿಯ ಸ್ವಾಮಿಗಳು, ಎಲ್ಲರೂ ಬುದ್ಧಿ ಎಂದು ಕರೆಯುವವರು, ಕಣ್ಣು ಅರೆಮುಚ್ಚಿ ಕೂತಿದ್ದರು. ಹಿಂದೆ ಗೋಡೆಯಷ್ಟಗಲ ಅದೇ ಫೋಟೋ, ಮೊಣಕಾಲಿನ ತನಕ. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಕೊಟ್ರಮ್ಮ.

ಕೊಟ್ರೇಶ ಅವ್ವನನ್ನು ನೋಡಿದ. ಅವಳು ಮೆಲ್ಲಗೆ ತಲೆಯಾಡಿಸಿದಳು, ಹೇಳು ಎಂಬಂತೆ. ಅವನು ಮೈಕು ಹಿಡಿದ. ಹನ್ನೊಂದು ತಿಂಗಳು ಪಿಸುಗುಟ್ಟಿದ ಗಂಟಲು ಒಮ್ಮೆಲೇ ಒಡೆಯಿತು.

“ನಾನು ಯಾರಿಗೂ ದೀಕ್ಷೆ ಕೊಟ್ಟಿಲ್ಲ! ನನ್ನ ಹತ್ರ ಯಾರೂ ಬರ್ಲಿಲ್ಲ! ಆ ಕೈಯಾಗಿರೋದು ಲಿಂಗ ಅಲ್ಲ, ಹೊಗೆ ಎದ್ದರೆ ಕೂಗೋ ಡಬ್ಬಿ. ಇವ್ರು ಬೆಂಕಿ ಆರಿಸೋಕೆ ಬಂದವ್ರು!”

ಕೊಟ್ರೇಶನ ಎದೆ ಹಗುರಾಯಿತು. ಎರಡೇ ಕ್ಷಣ. ಗಂಗಾಧರಪ್ಪನವರು ಕಣ್ಣೊರೆಸಿಕೊಳ್ಳುತ್ತ ಎದ್ದು ಮೈಕು ತೆಗೆದುಕೊಂಡರು.

“ಕೇಳಿದ್ರಾ? ಕೇಳಿದ್ರೇನ್ರಪ್ಪ? ಅಹಂಕಾರದ ಹೊಗೆ ಎದ್ದ ಕೂಡ್ಲೆ ಒಳಗಿಂದ ಕೂಗಿ ಎಚ್ಚರ ಮಾಡೋದೇ ಲಿಂಗ! ಸಂಸಾರದ ಬೆಂಕಿ ಆರಿಸೋಕೆ ಬಂದವ್ರೇ ಶರಣರು! ಎಂಥಾ ಮಾತು! ಹತ್ತನೇ ಕ್ಲಾಸು ದಾಟದೋರ ಬಾಯಾಗೆ ಇಂಥಾ ಮಾತು ಬರ್ತೈತೆ ಅಂದ್ರೆ!”

ಚಪ್ಪಾಳೆಗೆ ಭವನದ ತಗಡು ಅದುರಿತು. ಹುಚ್ಚಕ್ಕ ಅತ್ತೇಬಿಟ್ಟಳು.

“ಅಲ್ರೀ! ನಿಜವಾಗ್ಲೂ ಡಬ್ಬಿ ಕಣ್ರೀ! ಒಳಗೆ ಸೆಲ್ಲು ಇರ್ತಾವೆ!” ಎಂದು ಕೊಟ್ರೇಶ ಅರಚಿದ.

“ಒಳಗೆ ಶಕ್ತಿ ಇರ್ತೈತೆ ಅಂತವ್ರೆ!” ಎಂದರು ಗಂಗಾಧರಪ್ಪನವರು. ಮತ್ತೆ ಚಪ್ಪಾಳೆ.

ಕೊಟ್ರೇಶನಿಗೆ ರೋಷ ಉಕ್ಕಿತು. ಜೇಬಿನಿಂದ ಫೋನು ತೆಗೆದ. “ಆತು ಬಿಡ್ರಿ. ಅವ್ನನ್ನೇ ಕೇಳ್ರಿ. ಆ ಫೋಟೋದಾಗಿರೋನು, ಕ್ಯಾಲಮ್. ಅವ್ನೇ ಹೇಳ್ಲಿ, ಯಾವ ಧರ್ಮಕ್ಕೆ ಸೇರವ್ನೆ ಅಂತ!” ವಿಡಿಯೋ ಕಾಲ್ ಹಚ್ಚಿ, ಫೋನನ್ನು ಜನರ ಕಡೆ ತಿರುಗಿಸಿ, ಮೈಕಿಗೆ ಹಿಡಿದ.

ಅಲ್ಲಿ ಇನ್ನೂ ಮುಂಜಾನೆ. ರಾತ್ರಿ ಪಾಳಿ ಮುಗಿಸಿದ ಕ್ಯಾಲಮ್ ಬನಿಯನ್ನಿನಲ್ಲಿ ಒಬ್ಬನೇ ಮೇಜಿನ ಮುಂದೆ ಕೂತು ಬ್ರೆಡ್ಡು ತಿನ್ನುತ್ತಿದ್ದ. ಪರದೆಯಲ್ಲಿ ಸಾವಿರ ಜನರ ತಲೆ ಕಂಡು ಬ್ರೆಡ್ಡು ಕೈಯಲ್ಲೇ ನಿಂತಿತು. ಆಮೇಲೆ ಮೂಲೆಯಲ್ಲಿ ಕೊಟ್ರೇಶನ ಮುಖ ಕಂಡಿತು. ಅವನ ಮುಖ ಅರಳಿತು. ಕೊಟ್ರೇಶ ಹೇಳಿಕೊಟ್ಟಿದ್ದನ್ನು, ಬಾಗಿಲು ತಟ್ಟಿ ಒಳಗೆ ಬಂದ ಕೂಡಲೇ ಅನ್ನಬೇಕಾದದ್ದನ್ನು, ಅವನು ಗಟ್ಟಿಯಾಗಿ, ಸ್ಪಷ್ಟವಾಗಿ, ಕನ್ನಡದಲ್ಲಿ ಅಂದ:

“ಕೊಟ್ರೇಶ್! ಊಟ ಆಯ್ತಾ?”

ಅಷ್ಟೇ. ಭವನ ಎದ್ದು ನಿಂತಿತು. ಬಿಳಿಯನ ಬಾಯಲ್ಲಿ ಕನ್ನಡ! ಇನ್ನೇನು ಸಾಕ್ಷಿ ಬೇಕು! ಮುರುಗಪ್ಪ ಕುರ್ಚಿಯ ಮೇಲೆ ಹತ್ತಿ, “ನನ್ನ ಅಳಿಯನ ಶಿಷ್ಯ!” ಎಂದು ಕೂಗಿದ. ಹುಚ್ಚಕ್ಕ ಫೋನಿಗೆ ಕೈಮುಗಿದು, “ನಮ್ಮ ಕಲ್ಲಪ್ಪ, ಎಷ್ಟು ಲಕ್ಷಣವಾಗವ್ನೆ” ಎಂದು ನಿಂತಲ್ಲೇ ಅವನಿಗೆ ನಾಮಕರಣ ಮಾಡಿದಳು. ಗಂಗಾಧರಪ್ಪನವರು ಮೂರು ವರ್ಷವನ್ನು ಐದು ವರ್ಷ ಮಾಡಿದರು. ಜೈಕಾರದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ.

ವೇದಿಕೆಯ ನಡುವೆ ಕೊಟ್ರೇಶ ಒಬ್ಬನೇ ಫೋನು ಹಿಡಿದು ನಿಂತಿದ್ದ. ಊರಿಗೆ ಬಂದಾಗಿನಿಂದ ಅವನನ್ನು ಆ ಮಾತು ಕೇಳಿದ ಮೊದಲನೆಯವನು ಕ್ಯಾಲಮ್. ಇಷ್ಟು ಜನ ಕಾಲು ಮುಟ್ಟಿದ್ದರು, ಒಬ್ಬರೂ ಕೇಳಿರಲಿಲ್ಲ.

“ಇಲ್ಲ ಕಣೋ” ಎಂದ ಫೋನಿಗೆ. “ಇನ್ನೂ ಆಗಿಲ್ಲ.”

ಕ್ಯಾಲಮ್‌ಗೆ ಅರ್ಥವಾಗಲಿಲ್ಲ. ಆದರೂ ಪರದೆ ಆರಿಸಲಿಲ್ಲ, ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗಿಟ್ಟು ಕಾಯುತ್ತ ಕೂತ.

ಗದ್ದಲ ಇಳಿದ ಮೇಲೆ ಬುದ್ಧಿಯವರು ಕಣ್ಣು ತೆರೆದು, “ಹೋಗ್ತೀಯೇನಪ್ಪ?” ಎಂದರು. ಕೊಟ್ರೇಶ ಸಭೆಯನ್ನು ನೋಡಿದ. ಪ್ರಭು ನಾಲ್ಕನೇ ಸಾಲಿನಲ್ಲಿ ಕೈಕಟ್ಟಿಕೊಂಡು ನಿಂತಿದ್ದ.

“ಹೋಗ್ತೀನಿ ಬುದ್ಧಿ” ಎಂದ.

ಹೊರಡುವ ದಿನ ಮೆರವಣಿಗೆ ಬರುವುದು ಬೆಳಿಗ್ಗೆ ಎಂಟಕ್ಕೆ ಎಂದು ಗೊತ್ತಾಗಿತ್ತು. ಕೊಟ್ರಮ್ಮ ಏಳಕ್ಕೇ ಮಗನನ್ನು ಎಬ್ಬಿಸಿಕೊಂಡು ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿಗೆ ಬಂದಳು. ಗೂಡ್ಸ್ ಗಾಡಿಯೊಂದು ಅಡ್ಡ ನಿಂತಿತ್ತು, ಊರಿಗೆ ಇವರು ಕಾಣುವಂತಿರಲಿಲ್ಲ. ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ.

“ಉಣ್ಣು.”

ಕೊಟ್ರೇಶ ನಾಲ್ಕು ರೊಟ್ಟಿ ತಿನ್ನುವ ತನಕ ತಲೆ ಎತ್ತಲಿಲ್ಲ. ಐದನೆಯದನ್ನು ಮುರಿಯುತ್ತ, “ಅವ್ವ, ಅದು ಲಿಂಗ ಅಲ್ಲವ್ವ” ಎಂದ.

“ಗೊತ್ತಲೇ.”

“ಗೊತ್ತಾ? ಯಾವಾಗಿಂದ?”

“ಫೋಟೋ ಬಂದ ದಿನದಿಂದ. ಕಾಲಾಗೆ ಬೂಟಿದ್ವಲ್ಲ. ಬೂಟು ಹಾಕ್ಕಂಡು ಲಿಂಗ ಹಿಡಿತಾರೇನಲೇ ಯಾರಾನ?”

ಕೊಟ್ರೇಶನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಮತ್ತೆ ಯಾಕೆ ಸುಮ್ಕಿದ್ದೆ? ಮುಂದಿನ ಸಾಲಿಗಾ?”

“ಮುಂದಿನ ಸಾಲು ಕಟ್ಕಂಡು ಏನ್ ಮಾಡ್ಲಿ? ಅಲ್ಲಿ ಕೂತ್ರೆ ಬೆನ್ನಿಗೆ ಗೋಡೆನೂ ಇರಲ್ಲ.” ಕೊಟ್ರಮ್ಮ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. “ಐದು ಜನ ನಿನ್ನ ಮನೆಗೆ ಬಂದವ್ರೆ, ನೀನು ಚಾ ಮಾಡಿ ಕೊಟ್ಟೀಯ ಅಂದ್ಕಂಡೆ. ಲಿಂಗನೋ ಡಬ್ಬಿನೋ, ಜನ ಬಂದಿದ್ರಲ್ಲ, ನಂಗಷ್ಟು ಸಾಕಾತು. ಅದಕ್ಕೂ ಮುಂಚೆ ನಿನ್ನ ಫೋನಿನಾಗೆ ದನಿನೇ ಇರ್ತಿರ್ಲಿಲ್ಲ ಕಣಲೇ, ಪಿಸಪಿಸ ಅಂತಿದ್ದೆ.”

ದೂರದಲ್ಲಿ ಡೊಳ್ಳು ಶುರುವಾಯಿತು. ಮೆರವಣಿಗೆ ಮನೆಯ ಮುಂದೆ ಬಂದಿರಬೇಕು, ಖಾಲಿ ಮನೆಗೆ ಜೈಕಾರ ಕೂಗುತ್ತಿತ್ತು. ಕೊಟ್ರಮ್ಮ ಬೆಂಚಿನ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ಮಗನ ಬ್ಯಾಗಿನ ಪಕ್ಕ ಇಟ್ಟಳು. ಕೊಟ್ರೇಶ ಚೀಲದ ಬಾಯಿ ಬಿಚ್ಚಿ ನೋಡಿದ. ತೆಂಗಿನ ನಾರು. ಹೋದ ಸಲದ ನಾಲ್ಕರಷ್ಟು.

“ಇಷ್ಟ್ಯಾಕವ್ವ?”

“ವಾರ ವಾರ ಹಾಕು” ಎಂದಳು ಕೊಟ್ರಮ್ಮ. “ಬರ್ಲಿ ಐದು ಜನ.”